ಡೇರೆಯಲ್ಲಿ ಕುಳಿತ ತಮ್ಮನಿಗೆ

ಶ್ರೀ ಕಾಲಕಾಲೇಶ್ವರನ ಕೃಪೆ ಇರಲಿ

ಯಾವಗಲ್
ಸೋಮವಾರ, 12 ಫೆಬ್ರುವರಿ 2024

ಪ್ರೀತಿಯ ತಮ್ಮ ಹೊಳಿಯಪ್ಪ,

ನಿನ್ನ ಅಕ್ಕ ಕಳಕವ್ವ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀ, ಸಾಲಿಯಲ್ಲಿ ನಿನ್ನ ಪಾಟಿಯ ಮೇಲೂ ನಾನೇ ಬರೆದುಕೊಡುತ್ತಿದ್ದೆನಲ್ಲ. ಫೋನು ಹಚ್ಚಿದರೆ ನನ್ನ ನಂಬರು ಕಂಡೊಡನೆ ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೆ. ಹರಿಯುವುದಿದ್ದರೆ ಓದಿ ಹರಿ. ಮೂರು ವರ್ಷ ತಡ ಮಾಡಿದ್ದಕ್ಕೆ ಮೊದಲೇ ತಪ್ಪಾಯಿತು ಎನ್ನುತ್ತೇನೆ.

ಇಲ್ಲಿ ಎಲ್ಲರೂ ಆರಾಮ. ಕಡಲೆ ಕಿತ್ತು ರಾಶಿ ಮುಗಿಸಿದೆವು. ನಮ್ಮ ಮಗ ಭೀಮೇಶನ ಕೂಸಿಗೆ ಎರಡು ಹಲ್ಲು ಬಂದಿವೆ, ಸಿಕ್ಕವರ ಬೆರಳನ್ನೆಲ್ಲ ಕಚ್ಚಿ ನೋಡಿಯಾಗಿದೆ. ಬಳಗದಲ್ಲಿ ಕಚ್ಚಿಸಿಕೊಳ್ಳದೆ ಉಳಿದವನು ನೀನೊಬ್ಬನೇ.

ಈಗ ದೊಡ್ಡ ಸುದ್ದಿ. ಶಿವರಾತ್ರಿಯ ಜಾಗರಣೆಗೆ ನಮ್ಮೂರಲ್ಲಿ ದೊಡ್ಡಾಟ ಆಡಿಸುತ್ತಿದ್ದಾರೆ. ಈ ಸಲ ನಮ್ಮ ದೇವರ ಕಥೆಯಲ್ಲ, ಗ್ರೀಕರ ದೇಶದ್ದು. ನರಗುಂದದ ಹೈಸ್ಕೂಲಿನಿಂದ ನಿವೃತ್ತರಾದ ನಮ್ಮ ಗುರುಸಂಗಪ್ಪ ಮಾಸ್ತರರಿಗೆ ಆ ಹಳೇ ಯುದ್ಧದ ಕಾವ್ಯದ ಹುಚ್ಚು. ಎರಡು ವರ್ಷ ಕೂತು ಅದನ್ನು ಆಟದ ಪದಗಳಾಗಿ ಕಟ್ಟಿದ್ದಾರೆ. ಅಲ್ಲಿನ ಹೆಸರುಗಳು ಯಾರ ಬಾಯಿಗೂ ಹತ್ತಲಿಲ್ಲ. ಅದಕ್ಕೆ ಸಿಟ್ಟಿನ ವೀರ, ದೊಡ್ಡರಾಜ, ಮುದಿರಾಜ ಎಂದೇ ಇಟ್ಟುಕೊಂಡಿದ್ದೇವೆ.

ಕಥೆ ಇಷ್ಟು. ಗ್ರೀಕರ ದಂಡು ಹಡಗು ಹತ್ತಿ ಬಂದು ಮುದಿರಾಜನ ಕೋಟೆಗೆ ಮುತ್ತಿಗೆ ಹಾಕಿದೆ. ಒಂಬತ್ತು ವರ್ಷವಾದರೂ ಕೋಟೆ ಬಿದ್ದಿಲ್ಲ. ದಂಡಿನ ದೊಡ್ಡರಾಜ ತನ್ನ ಕಡೆಯ ಅತಿ ದೊಡ್ಡ ವೀರನಿಗೆ ಕೊಟ್ಟ ಮಾನದ ಉಡುಗೊರೆಯನ್ನು ಎಲ್ಲರೆದುರು ಕಸಿದುಕೊಳ್ಳುತ್ತಾನೆ. ವೀರ ಕತ್ತಿ ಕೆಳಗಿಟ್ಟು ಡೇರೆಯಲ್ಲಿ ಹೋಗಿ ಕುಳಿತುಬಿಡುತ್ತಾನೆ. ತನ್ನವರು ಸಾಯುತ್ತಿದ್ದರೂ ಏಳುವುದಿಲ್ಲ. ಆ ಉಡುಗೊರೆ ಏನೆಂದು ಕೇಳಿದರೆ, ಸೆರೆ ಹಿಡಿದು ತಂದ ಹೆಣ್ಣುಮಗಳಂತೆ.

"ಆ ಹುಡುಗೀನ್ನ ಯಾರರ ಒಂದ ಮಾತ ಕೇಳಿದ್ರೇನ್ರಿ ಮಾಸ್ತರ?" ಎಂದೆ.

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲವಾ ತಂಗಿ, ಕೇಳಿಲ್ಲ. ಹಂಗಾದ್ರ ಅಕಿ ಬದ್ಲಿ ಏನ ಇಡೂಣು?"

ನಮ್ಮ ಬಾಷಾಸಾಬ ಆಟ ನಡೆಸಿ ನಗಿಸುವ ಸಾರಥಿಯ ಪಾತ್ರ ಮಾಡುವವನು, ಎಲ್ಲರ ಕಿರೀಟ ಕಟ್ಟುವವನೂ ಅವನೇ. ರಟ್ಟು ಕತ್ತರಿಸುತ್ತ ಕುಳಿತಲ್ಲಿಂದಲೇ ಹೇಳಿದ, "ಪಟಗ ಇಡ್ರಿ. ನಮ್ಮ ಕಡೆ ತಲಿಗೆ ಸುತ್ತೂ ಪಟಗದ ಸಲುವಾಗಿ ಎಷ್ಟ ಮಂದಿ ಉಣ್ಣದ ಎದ್ದ ಹೋಗಿಲ್ಲ?"

ಎಲ್ಲರೂ ನಕ್ಕರು. ನಮ್ಮ ಯಜಮಾನರು, ನಿನ್ನ ಮಾವ, ನನ್ನ ಮುಖ ನೋಡಿದರು. ನಾನು ಚಹಾದ ಲೋಟ ತೊಳೆಯಲು ಎದ್ದೆ.

ಸಿಟ್ಟಿನ ವೀರನ ಪಾತ್ರ ನಿನ್ನ ಮಾವನದೇ. "ಇದಕ್ಕ ತಾಲೀಮ ಬೇಕಾಗಿಲ್ರಿ. ನಮ್ಮ ಹೊಳಿಯಪ್ಪನ್ನ ನೆನಸಿಕೊಂಡ ಮಾರಿ ಊದಿಸಿ ಕುಂತ್ರ ಆತು," ಎನ್ನುತ್ತಾರೆ. ಸಿಟ್ಟಾಗಬೇಡ, ಪ್ರೀತಿಯಿಂದಲೇ ಅನ್ನುವುದು. ಆ ವೀರನಿಗೆ ಸಾವು ಇರುವುದು ಹಿಮ್ಮಡಿಯಲ್ಲಿ ಮಾತ್ರವಂತೆ. ನಿನ್ನ ಮಾವನ ಹಿಮ್ಮಡಿಯ ಬಿರುಕುಗಳನ್ನು ನೋಡಿದ ಬಾಷಾಸಾಬ, "ಇಲ್ಲಿ ಬಾಣ ಯಾಕ ಬೇಕ್ರಿ, ಒಂದ ಜಾಲಿಮುಳ್ಳ ಸಾಕು," ಎಂದ. ಅಂದಿನಿಂದ ದಿನಾ ಸಂಜೆ ಕೊಬ್ಬರಿ ಎಣ್ಣೆ ಹಚ್ಚುವ ಕೆಲಸ ನನಗೆ ಬಿದ್ದಿದೆ.

ಅವರ ದೇವರುಗಳ ಸುದ್ದಿ ಕೇಳಿದರೆ ನೀನು ನಗುತ್ತೀ. ಪಂಚಾಯತಿ ಇಲೆಕ್ಷನ್ ಬಂದಂತೆ ಅವರೂ ಎರಡು ಪಾರ್ಟಿ. ಅರ್ಧ ದೇವರು ಈ ಕಡೆ, ಅರ್ಧ ಆ ಕಡೆ. ಸಿಡಿಲಿನ ದೇವರು ದೊಡ್ಡವನು, ಹೆಂಡತಿಗೆ ಮಾತ್ರ ಅಂಜುತ್ತಾನೆ. ಒಬ್ಬ ದೇವಿ ಯುದ್ಧದಲ್ಲಿ ಗಾಯವಾಗಿ ಅಳುತ್ತ ತವರಿಗೆ ಓಡುತ್ತಾಳೆ. ಇಂಥ ದೇವರಿಗೆ ಕೈ ಮುಗಿಯುವುದು ಹೇಗೆಂದು ನನಗೆ ಮೊದಲು ಕಸಿವಿಸಿಯಾಯಿತು. ಗಜೇಂದ್ರಗಡಕ್ಕೆ ಹೋಗಿ ಕಾಲಕಾಲೇಶ್ವರನ ಮೆಟ್ಟಿಲು ಹತ್ತಿ, ಸ್ವಾಮಿ, ನಿನ್ನನ್ನು ಬಿಟ್ಟು ಬೇರೆಯವರ ದೇವರ ಆಟಕ್ಕೆ ಅಡುಗೆ ಮಾಡುತ್ತಿದ್ದೇನೆ, ತಪ್ಪಿದ್ದರೆ ತಿಳಿಸು ಎಂದು ಬೇಡಿಕೊಂಡು ಬಂದೆ. ಏನೂ ತಿಳಿಸಿಲ್ಲ. ಅಡ್ಡಿಯಿಲ್ಲ ಎಂದೇ ತಿಳಿದೆ.

ಇನ್ನೊಂದು ಮಾತು. ಆ ವೀರನಿಗೆ ತಾಯಿ ಎರಡು ದಾರಿ ಹೇಳಿರುತ್ತಾಳೆ. ಊರಿಗೆ ಮರಳಿದರೆ ನೂರು ವರ್ಷ ಬಾಳು, ಹೆಸರಿಲ್ಲ. ಯುದ್ಧದಲ್ಲಿ ನಿಂತರೆ ಬೇಗ ಸಾವು, ಹೆಸರು ಅಳಿಯುವುದಿಲ್ಲ. ಮಾಸ್ತರು ನೀವಾದರೆ ಯಾವುದು ಎಂದು ಕೇಳಿದರೆ, ನಿನ್ನ ಮಾವ "ನೂರ ವರ್ಷಾನೂ ಬೇಕು, ಬಸ್‌ಸ್ಟ್ಯಾಂಡಿನ ಕಲ್ಲಬೆಂಚಿನ ಮ್ಯಾಲೆ ಹೆಸರೂ ಬೇಕು," ಎಂದರು.

ನಕ್ಕಿದ್ದು ಸಾಕು, ಕಾಗದದ ಕೆಲಸಕ್ಕೆ ಬರುತ್ತೇನೆ. ಆಟದ ಕೊನೆಗೆ ಸಿಟ್ಟಿನ ವೀರ ಏಳುತ್ತಾನೆ. ಅವನು ಡೇರೆಯಲ್ಲಿ ಕುಳಿತಾಗ ಅವನ ಜೀವದ ಗೆಳೆಯ ಯುದ್ಧದಲ್ಲಿ ಸತ್ತಿರುತ್ತಾನೆ. ಆ ಸಿಟ್ಟಿನಲ್ಲಿ ಮುದಿರಾಜನ ಮಗನನ್ನು ಕೊಂದು, ಹೆಣವನ್ನು ಮಣ್ಣಿಗೂ ಕೊಡದೆ ಇಟ್ಟುಕೊಳ್ಳುತ್ತಾನೆ. ಆಗ ಮುದಿರಾಜ ಒಬ್ಬನೇ ಶತ್ರುವಿನ ಡೇರೆಗೆ ಬಂದು, ಮಗನನ್ನು ಕೊಂದ ಕೈಗೇ ಮುತ್ತಿಟ್ಟು ಹೆಣ ಬೇಡುತ್ತಾನೆ. ವೀರನಿಗೆ ಊರಲ್ಲಿ ಬಿಟ್ಟುಬಂದ ತನ್ನಪ್ಪನ ನೆನಪಾಗಿ ಇಬ್ಬರೂ ಅಳುತ್ತಾರೆ, ಆಮೇಲೆ ಕೂಡಿ ಉಣ್ಣುತ್ತಾರೆ. "ಮಗನ ಮಣ್ಣಿಗೆ ಎಷ್ಟು ದಿನ ಬೇಕು?" ಎಂದು ವೀರ ಕೇಳುತ್ತಾನೆ. ಮುದಿರಾಜ ಹನ್ನೊಂದು ದಿನ ಎನ್ನುತ್ತಾನೆ. ಹನ್ನೊಂದು ದಿನ ಯುದ್ಧ ನಿಲ್ಲುತ್ತದೆ.

ಮುದಿರಾಜನಾಗಿ ಆ ಪದವನ್ನು ಹಾಡುವವರು ಯಾರೂ ಇಲ್ಲ. ಮಾಸ್ತರು ತಾವೇ ಹಾಡಿ ನೋಡಿದರು. ಬಾಷಾಸಾಬ ಕೈ ಮುಗಿದು, "ರಾಜ ಅಳಬೇಕ್ರಿ ಮಾಸ್ತರ, ಕೆಮ್ಮಬಾರದು," ಎಂದ. ಆಗ ನಿನ್ನ ಮಾವನೇ ಹೇಳಿದರು, "ಖರೇ ಹೇಳ್ತೀನಿ, ಈ ಪದ ಹೊಳಿಯಪ್ಪನ ಬಾಯಾಗ ಬಂದ್ರ ಕಲ್ಲೂ ಕರಗತೈತಿ. ಆದ್ರ ಅವ ಡೇರೆ ಬಿಟ್ಟ ಏಳಬೇಕಲ್ಲ." ಆಟಕ್ಕೆ ಇನ್ನು ಇಪ್ಪತ್ತೈದು ದಿನ. ನೀನು ಬರದಿದ್ದರೆ ಆ ಪದವನ್ನೇ ತೆಗೆದುಹಾಕುತ್ತಾರಂತೆ. ಅದನ್ನು ತೆಗೆದರೆ ಆಟದಲ್ಲಿ ಬರೀ ಬಡಿದಾಟ ಉಳಿಯುತ್ತದೆ.

ಬಾರಪ್ಪ. ಲಕ್ಷ್ಮಿಯನ್ನೂ ಕರೆದುಕೊಂಡು ಬಾ. ನಿಮ್ಮಿಬ್ಬರ ಬಾಳು ಹಾಲುಜೇನಿನಂತಿರಲಿ, ನಿನ್ನ ದನಿಗೆ ಎಂದೂ ತುಕ್ಕು ಹಿಡಿಯದಿರಲಿ, ಹೊಳೆ ತನ್ನ ಪಾತ್ರದಲ್ಲೇ ಹರಿಯಲಿ.

ನಿನ್ನ ಅಕ್ಕ,
ಕಳಕವ್ವ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ಭೀಮೇಶನ ಮದುವೆಯಲ್ಲಿ ಎಲ್ಲ ಬೀಗರಿಗೂ ಪಟಗ ಸುತ್ತಿ, ಹುಡುಗನ ಸೋದರಮಾವನಾದ ನಿನ್ನ ಕೈಗೆ ಒಂದು ಟವೆಲ್ಲು ಕೊಟ್ಟರು. ನೀನು ಉಣ್ಣದೆ ಬಸ್ಸು ಹತ್ತಿದೆ. ನಿನ್ನ ಮಾವ ಬೇಕೆಂದೇ ಮಾಡಿದರೆಂದು ನೀನು ತಿಳಿದೆ. ಅವರು ಗಡಿಬಿಡಿಯಲ್ಲಿ ಗಂಟು ಅದಲುಬದಲಾಯಿತು ಎಂದು ತಿಳಿದರು. ಎರಡೂ ಅಲ್ಲ ತಮ್ಮ. ಬೀಗರಿಗೆ ಕೊಡುವ ಆಹೇರಿ ಬಟ್ಟೆಗಳ ಗಂಟು ಕಟ್ಟಿದವಳು ನಾನು. ನಿನಗೆಂದು ತಂದ ಕೇಸರಿ ಪಟಗ ತೆಗೆದು ಟವೆಲ್ಲು ಇಟ್ಟವಳು ನಾನು.

ಮದುವೆಗೂ ಮೊದಲು ಬಂದ ಆ ಮಹಾಪೂರದಲ್ಲಿ ಅವ್ವ ತೀರಿಕೊಂಡಾಗ ನಾನು ನೀರಿನ ಈಚೆ ದಂಡೆಯಲ್ಲಿ ಎರಡು ದಿನ ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದೆ. ಮೂರನೇ ದಿನ ದಾಟಿ ಬಂದಾಗ ನೀನು ಮಣ್ಣು ಮುಗಿಸಿದ್ದೆ. ಅವ್ವನ ಮುಖ ಕಾಣಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಮನೆ ಮುಳುಗಿ ಸಾಲಿಯ ಕೋಣೆಯಲ್ಲಿ ಇಪ್ಪತ್ತು ಮಂದಿಯ ನಡುವೆ ಹೆಣ ಇಟ್ಟುಕೊಂಡು ನೀನಾದರೂ ಎಷ್ಟು ಕಾಯುತ್ತಿದ್ದೆ? ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಗಂಟಿನಲ್ಲಿ ಟವೆಲ್ಲು ಇಟ್ಟೆ. ಮಾಸ್ತರು "ಹನ್ನೊಂದು ದಿನ" ಎಂದು ಹಾಡಿದಾಗ, ನನಗೆ ಒಂದು ದಿನವೂ ಸಿಗಲಿಲ್ಲವಲ್ಲ ಎಂದು ಅತ್ತೆ. ಅತ್ತ ಮೇಲೆ ತಿಳಿಯಿತು, ಇಷ್ಟು ವರ್ಷ ಡೇರೆಯಲ್ಲಿ ಕುಳಿತವಳು ನಾನು.

ನಿನ್ನೆ ನಿನ್ನ ಮಾವನಿಗೆ ಎಲ್ಲ ಹೇಳಿದೆ. "ಮೂರ ವರ್ಷ ನಿನ್ನ ತಮ್ಮನ ಬೈಗಳ ನನಗ ಹತ್ತಿದ್ವಲ್ಲ," ಎಂದರು. ಆಮೇಲೆ, "ಆ ಪಟಗ ಟ್ರಂಕಿನಿಂದ ಹೊರಗ ತಗಿ, ಬಿಸಲಿಗೆ ಹಾಕು. ನುಸಿ ಹತ್ತೀತು," ಎಂದರು.

ಪಟಗ ಅಂಗಳದ ಹಗ್ಗದ ಮೇಲಿದೆ. ಮುದಿರಾಜನಿಗೆ ಕಿರೀಟ ಮಾಡಬೇಡ ಎಂದು ಬಾಷಾಸಾಬನಿಗೆ ಹೇಳಿ ಬಂದಿದ್ದೇನೆ.