ರಜಾ ಹಾಕಿ ಬಂದವನು

ಯಂಕೋಬ, ಗೆದ್ದೆವಲ್ಲೋ! ನಮ್ಮ ಸ್ಕೂಟರ್ ಕಾಲಯಂತ್ರದ ನಾಟಕ, ಎರಡನೇ ಭಾಗ, ಇವತ್ತು ಅಳವಂಡಿಯಲ್ಲಿ ಆಯಿತು. ಈ ಸಲ ಸ್ಕೂಟರ್ ನೇರವಾಗಿ ನಲವತ್ತೆಂಟನೇ ಇಸವಿಗೆ, ನಿಜಾಮನ ರಜಾಕಾರರ ವಿರುದ್ಧ ಹೋರಾಡುವವರ ಶಿಬಿರಕ್ಕೇ ನುಗ್ಗಿತು. ಬಂದೂಕು ಹಿಡಿದವನು ತಡೆದು, "ಯಾರಲೇ ನೀ?" ಎಂದ. ಆಸ್ಪತ್ರೆಯ ಹಾಸಿಗೆಯಲ್ಲಿ ಕೊನೆಯ ದಿನ ನೀನು ಹೇಳಿಕೊಟ್ಟ ಮಾತನ್ನೇ ಅಂದೆ:

"ಆಫೀಸಿಗೆ ರಜಾ ಹಾಕಿ ಬಂದೇನ್ರಿ..."

"ರಜಾಕಾರ! ಹಿಡೀರಿ ಇವನ್ನ!"

"ರಜಾಕಾರ ಅಲ್ರೀ, ರಜಾ! ರಜಾ!" ಎಂದು ಕಿರುಚುತ್ತ ರಂಗದ ತುಂಬ ಓಡಿದೆ. ಜನ ಬಿದ್ದು ಬಿದ್ದು ನಕ್ಕರು. ಆವತ್ತು ನೀನು ಹೇಳಿದಾಗ ನಾನು ನಕ್ಕಿರಲಿಲ್ಲ.

ನನಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಊರಿನ ಮುದುಕಮ್ಮನದೇ ಭಯ. ಅವರಪ್ಪ ಅಂಥ ಶಿಬಿರದಲ್ಲಿದ್ದವರು. ಸಿಟ್ಟಾಗಿ ಎದ್ದು ಹೋದರೆ? ಮುದುಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮಪ್ಪ ಇರಬೇಕಿತ್ತು ನೋಡು, ಭಾಳ ನಗತಿದ್ದ" ಎಂದರು.

ಕೊನೆಗೆ ಸ್ಕೂಟರ್ ಹತ್ತಿದೆ. ಹೋದ ವರ್ಷ, ಮೊದಲ ಭಾಗದಲ್ಲಿ, ನೀನು ಕೂತಿದ್ದ ಹಿಂದಿನ ಸೀಟಿನಲ್ಲಿ ಈ ಸಲ ಯಾರನ್ನೂ ಕೂರಿಸಿರಲಿಲ್ಲ. ಗುಂಪಿನಿಂದ ಯಾರೋ ಕೂಗಿದರು:

"ಇನ್ನ ಯಾವ ಕಾಲಕ್ಕ ಹೊಂಟಿಯೋ ತಮ್ಮಾ?"

ನಾಟಕದಲ್ಲಿ ಇಲ್ಲದ ಮಾತು ಬಾಯಿಗೆ ಬಂತು:

"ಹ್ವಾದ ವರ್ಷಕ್ಕರೀ."

ಜನ ಅದಕ್ಕೂ ನಕ್ಕರು ಕಣೋ.