ಬಚ್ಚಲಿಗೆ ರಜೆ

ಮಡಿಕೇರಿ, 12 ನವೆಂಬರ್ 1954, ಶುಕ್ರವಾರ

ಕೈ ಇನ್ನೂ ಉರಿಯುತ್ತಿದೆ. ನೀರಿನಲ್ಲಿ ನೆನೆದು ನೆನೆದು ಬೆರಳುಗಳೆಲ್ಲ ಬಿರಿದಿವೆ. ಶಾಲೆಯಲ್ಲಿ ಎಲ್ಲರನ್ನೂ ಮುಟ್ಟಿ ಬಂದ ಮಗಳು ಸೋಕಿದರೆ ಮನೆಗೇ ಕೇಡಾಗುತ್ತದೆಂದು ಹೆದರಿ ಮತ್ತೆ ಮತ್ತೆ ಮೀಯುತ್ತೇನೆ. ನೆಂಟರು ಅದನ್ನೇ ಮಡಿ ಎಂದು ಹೊಗಳುತ್ತಾರೆ. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು ಮಾತ್ರ ಮೊನ್ನೆ, "ಮಡಿಯಾದ್ರೆ ಒಂದು ಸ್ನಾನಕ್ಕೆ ಮುಗೀಬೇಕಲ್ಲಮ್ಮ? ನಿಮ್ಮದು ಭಯ. ಮೀಯದೆ ಕೂತು ನೋಡಿ. ಅದು ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ" ಎಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅಷ್ಟು ಅರ್ಥವಾಯಿತು.

ಇವತ್ತು ಪದ್ಮ ಶಾಲೆಯಿಂದ ಬಂದವಳು ದೂರವೇ ನಿಂತು, "ಅಮ್ಮಾ, ಹತ್ರ ಬರ್ಲಾ, ಬೇಡ್ವಾ?" ಎಂದಳು. ನಾನೇ ಹೋಗಿ ತಬ್ಬಿಕೊಂಡೆ. ಎದೆ ಡವಗುಟ್ಟಿತು. ಕಾಲು ಬಚ್ಚಲ ಕಡೆಗೇ ಎಳೆಯಿತು.

ಅತ್ತೆ, "ಏನೇ, ಇವತ್ತು ಬಚ್ಚಲಿಗೆ ರಜೆಯಾ?" ಎಂದು ಚುಚ್ಚಿದರು.

"ಹೌದತ್ತೆ, ರಜೆ" ಎಂದು ಜಗಲಿಯಲ್ಲೇ ಕೂತೆ. ಅಳು ಬಂತು, ಆದರೂ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಭಯ ಪೂರ್ತಿ ಹೋಗಿರಲಿಲ್ಲ, ಆದರೆ ಇಳಿದದ್ದು ನಿಜ.

ನಾಳೆ ಏನಾದರೂ ಆದರೆ ಎಂದು ಮನಸ್ಸು ಈಗ ಮತ್ತೆ ಶುರು ಮಾಡಿದೆ. ಮಾಡಲಿ. ನಾಳೆಯೂ ತಬ್ಬಿಕೊಳ್ಳುತ್ತೇನೆ, ನಾಳಿದ್ದೂ. ಪದ್ಮ ನಿದ್ದೆಯಲ್ಲಿ ಹೊರಳಿ ನನ್ನ ತೋಳಿನ ಮೇಲೆಯೇ ತಲೆಯಿಟ್ಟಿದ್ದಾಳೆ, ಬರೆಯಲು ಕೈ ಆಡುತ್ತಿಲ್ಲ.