ಅಪ್ಪನ ಕಲ್ಲಿನ ಎಂಟು ಅಕ್ಷರ

ಹಾನ್‌ಜೋಂಗ್
೨೬ ಮಾರ್ಚ್ ೧೯೯೭

ಪ್ರೀತಿಯ ಯಾನ್‌ಬೋ ಅಣ್ಣನಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡಮಾಡಿದ್ದಕ್ಕೆ ಕ್ಷಮಿಸು. ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಸಾಸಿವೆ ಸೊಪ್ಪಿನ ಸುಗ್ಗಿ, ಜಾಡಿಗಳ ಮೇಲೆ ಹೆಸರು ಬರೆದು ಬರೆದು ಕೈ ಬಿದ್ದುಹೋಗಿದೆ ಎಂದು ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ. ಬರೆಯಲು ಮನಸ್ಸಿರಲಿಲ್ಲ.

ಅಪ್ಪನ ಸಮಾಧಿಯ ಕಲ್ಲಿಗೆ ಎಂಟು ಅಕ್ಷರ ಬರೆದು ಕಳಿಸು ಎಂದಿದ್ದೀಯ, ಕೆಳಗೆ ಮಾತ್ರ ನಿನ್ನ ಹೆಸರು ಹಾಕಿಸುತ್ತೀಯಂತೆ. ಶಿಯಾನಿನ ಕಚೇರಿಯಲ್ಲಿ ಕೂತು ಇದನ್ನು ಬರೆಯುವಾಗ ನಿನಗೇನೂ ಅನ್ನಿಸಲಿಲ್ಲವೇ?

ಅಪ್ಪ ನಿನಗೆ ಗುಮಾಸ್ತರ ಲಿಪಿ ಕಲಿಸುತ್ತಿದ್ದಾಗ ನಾನು ಮಸಿ ತೇಯುತ್ತಿದ್ದೆ. "ಗೆರೆ ಶುರುವಾಗೋದು ರೇಷ್ಮೆಹುಳದ ತಲೆ ಥರ, ಮುಗಿಯೋದು ಹೆಬ್ಬಾತಿನ ಬಾಲದ ಥರ. ಒಂದು ಅಕ್ಷರಕ್ಕೆ ಒಂದೇ ಬಾಲ ಕಣೋ, ಎರಡು ಎತ್ತಿದರೆ ಕೋತಿಯಾಟ!" ಎಂದು ನಿನ್ನ ತಲೆಗೆ ಮೊಟಕುತ್ತಿದ್ದರು. ಮೊದಲ ಚಕ್ರವರ್ತಿಯ ಕಾಲದಲ್ಲಿ ಜೈಲು ಸೇರಿದ ಗುಮಾಸ್ತನೊಬ್ಬ, ಹಳೆಯ ಮುದ್ರೆಯ ಅಕ್ಷರಗಳ ಸುರುಳಿಗಳನ್ನು ಹತ್ತು ವರ್ಷ ಕೂತು ನೆಟ್ಟಗೆ ಮಾಡಿ ಈ ಲಿಪಿ ಕಟ್ಟಿದನೆಂದೂ ಹೇಳುತ್ತಿದ್ದರು. ಅವನನ್ನು ಬಿಡುಗಡೆ ಮಾಡಿ ಅಧಿಕಾರ ಕೊಟ್ಟರಂತೆ. ಪುಣ್ಯವಂತ.

ನಾನು ಒಲೆಯ ಬೂದಿಯಲ್ಲಿ ಕಡ್ಡಿಯಿಂದ ಕಲಿತೆ. ಎಂಬತ್ತನೇ ಇಸವಿಯಲ್ಲಿ ಪ್ರಾಂತ್ಯದ ಕೈಬರಹ ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ನೀನು ಅಡುಗೆಮನೆಗೆ ಬಂದೆ. "ಸೂಚಿನ್, ನನ್ನ ಕೈಯಲ್ಲಿ ಆಗ್ತಿಲ್ಲ ಕಣೇ. ಇದೊಂದು ಸಲ ಬರ್ಕೊಡು, ನಿನ್ನ ಕಾಲಿಗೆ ಬೀಳ್ತೀನಿ" ಎಂದೆ. ಬರೆದುಕೊಟ್ಟೆ. ಬಹುಮಾನ ನಿನಗೆ ಬಂತು, ಕೆಲಸ ನಿನಗೆ ಬಂತು. ಆಮೇಲೆ ಹದಿನೇಳು ವರ್ಷ, ನಿನ್ನ ಹೆಸರಲ್ಲಿ ಬರೆದುಕೊಡಲೆಂದು ಬಿಳಿ ಹಾಳೆಯ ಕಟ್ಟುಗಳು ನನಗೆ ಬಂದವು.

ಈ ಸಲವೂ ಬರೆದಿದ್ದೇನೆ. ನಿನಗೆ ಕಳಿಸಲಿಲ್ಲ, ನೇರವಾಗಿ ಕಲ್ಲುಕುಟಿಗ ಮಾವ್ ಅವರಿಗೇ ಕೊಟ್ಟೆ. ಹಾಳೆಯ ಮೂಲೆ ನೋಡಿ ಉಳಿ ಕೆಳಗಿಟ್ಟರು.

"'ಮಗಳು ಸೂಚಿನ್ ಬರೆದದ್ದು' ಅಂತ ಇದೆಯಲ್ಲಮ್ಮಾ. ಗಂಡುಮಗ ಇರೋವಾಗ ಹೆಣ್ಣಿನ ಹೆಸರಾ? ಊರು ನಗುತ್ತೆ."

"ನಗಲಿ ಬಿಡಿ, ನೀವು ಕೆತ್ತಿ."

"ನಿಮ್ಮಣ್ಣ ಬಂದು ಜಗಳ ತೆಗೆದರೆ?"

"ಅವನ ಕೈಗೆ ಕುಂಚ ಕೊಟ್ಟು, ಇಲ್ಲೇ ನಿಮ್ಮೆದುರಿಗೆ ಬರೆ ಅನ್ನಿ."

ಮುದುಕ ಗಹಗಹಿಸಿ ನಕ್ಕು ಉಳಿ ಎತ್ತಿಕೊಂಡರು. ನಿನ್ನೆ ಕೆಲಸ ಮುಗಿಯಿತು. ಸಮಾಧಿ ಗುಡಿಸುವ ಹಬ್ಬಕ್ಕೆ ನೀನು ಬರುವಷ್ಟರಲ್ಲಿ ಕಲ್ಲು ನಿಂತಿರುತ್ತದೆ. ಇನ್ನು ಮುಂದೆ ಹಾಳೆ ಕಳಿಸಬೇಡ.

ಅತ್ತಿಗೆಯ ಮಂಡಿನೋವು ಹೇಗಿದೆ? ಒಣಗಿಸಿದ ಶುಂಠಿ ಕಳಿಸಿದ್ದೇನೆ, ಕುದಿಸಿ ಕುಡಿಯಲಿ. ಮಗು ಪರೀಕ್ಷೆಯಲ್ಲಿ ಗೆಲ್ಲಲಿ. ನೀವೆಲ್ಲ ಚೆನ್ನಾಗಿರಿ.

ನಿನ್ನ ತಂಗಿ,
ಸೂಚಿನ್

ಮರೆತಿದ್ದೆ: ಇಷ್ಟೆಲ್ಲ ಬರೆದರೂ ನನ್ನ ಸಿಟ್ಟು ನಿನ್ನ ಮೇಲಲ್ಲ. ತೀರಿಹೋಗುವ ಮೂರು ದಿನ ಮುಂಚೆ ಗಂಜಿ ಕುಡಿಸುವಾಗ ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು. "ಆ ಬಹುಮಾನದ ಹಾಳೆ ನಿಂದು ಅಂತ ಅವತ್ತೇ ಗೊತ್ತಿತ್ತು ಕಣಮ್ಮ" ಎಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ಅವನು ಗಂಡು, ಊರಾಚೆ ಬಾಳಬೇಕಿತ್ತು. ನೀನು ಹೇಗಿದ್ದರೂ ಮನೇಲಿರೋಳು" ಎಂದು ಹೇಳಿ, ಇನ್ನೊಂದು ಚಮಚ ಗಂಜಿಗೆ ಬಾಯಿ ತೆರೆದರು. ನಾನು ಕುಡಿಸಿದೆ.